ಗುರುವಾರದ ನೀರು

ಧಾರವಾಡದ ಪ್ರಯೋಗಾಲಯದಿಂದ ಬಂದ ಕಾಗದವನ್ನು ಸಲ್ಮಾ ಮೂರು ಸಲ ಓದಿದಳು. ಮೊದಲ ಸಲ, ಅಂಕಿ ಬರೆಯುವಾಗ ಯಾರೋ ತಪ್ಪಿದ್ದಾರೆ ಅಂದುಕೊಂಡಳು. ಎರಡನೆಯ ಸಲ, ಬೇರೆ ಯಾವುದೋ ಊರಿನ ಕಾಗದ ತಮ್ಮ ಲಕೋಟೆಗೆ ಸೇರಿರಬೇಕು ಅಂದುಕೊಂಡಳು. ಮೂರನೆಯ ಸಲ, ಬಾಟಲಿಯ ಮೇಲೆ ತಾನೇ ಬರೆದು ಕಳಿಸಿದ್ದ ನಂಬರು, ತಾನೇ ಹಾಕಿದ ತಾರೀಖು ಕಣ್ಣಿಗೆ ಬಿತ್ತು. ಆಮೇಲೆ ಅನುಮಾನ ಪಡಲು ಉಳಿದದ್ದು ತನ್ನೊಬ್ಬಳ ಮೇಲೆಯೇ.

ರಾಣೆಬೆನ್ನೂರಿನ ಒಳಚರಂಡಿಯ ನೀರೆಲ್ಲ ಊರಾಚೆ ಬಂದು ಸೇರುವ ಶುದ್ಧೀಕರಣ ಘಟಕದಲ್ಲಿ ಆಕೆ ಹದಿನಾಲ್ಕು ವರ್ಷದಿಂದ ನೀರು ಪರೀಕ್ಷೆ ಮಾಡುತ್ತಿದ್ದಳು. ವಾಸನೆ ಮೂಗಿಗೆ ಹತ್ತುವುದು ಎಂದೋ ನಿಂತಿತ್ತು. ಹೊಸಬರು ಯಾರಾದರೂ ಬಂದು ಕರವಸ್ತ್ರ ತೆಗೆದಾಗಲೇ ಇಲ್ಲೊಂದು ವಾಸನೆ ಇದೆ ಅನ್ನುವುದು ನೆನಪಾಗುತ್ತಿತ್ತು.

ಊರಿನಲ್ಲಿ ಬೀಜದ ಕಂಪನಿಗಳಿವೆ. ಬೀಜ ಚೀಲಕ್ಕೆ ಹೋಗುವ ಮೊದಲು ಅದಕ್ಕೆ ಬೂಷ್ಟು ಹಿಡಿಯದ ಹಾಗೆ ಔಷಧ ಬಳಿಯುತ್ತಾರೆ. ಯಾರೂ ಮರೆತು ತಿನ್ನಬಾರದೆಂದು ಆ ಔಷಧಕ್ಕೆ ಗುಲಾಬಿ ಬಣ್ಣ ಬೆರೆಸಿರುತ್ತಾರೆ. ಈ ಔಷಧ ಅಷ್ಟಿಷ್ಟು ಚರಂಡಿಯ ನೀರಿಗೂ ಬರುತ್ತದೆ. ಘಟಕದ ತೊಟ್ಟಿಗಳ ತಳದಿಂದ ತೆಗೆದು ಒಣಗಿಸಿದ ರಾಡಿಯನ್ನು ರೈತರಿಗೆ ಗೊಬ್ಬರವಾಗಿ ಕೊಡೋಣ ಎಂಬ ಮಾತು ಹೋದ ವರ್ಷ ಬಂದಾಗ ಮೇಲಿನವರು ಕೇಳಿದ್ದು ಒಂದೇ ಪ್ರಶ್ನೆ: ಆ ಔಷಧ ರಾಡಿಯಲ್ಲಿ ಎಷ್ಟು ಉಳಿಯುತ್ತದೆ?

ಸಲ್ಮಾ ಅದಕ್ಕೊಂದು ಲೆಕ್ಕ ಕಟ್ಟಿದಳು. ಹೊರಗಿನ ಸಿಮೆಂಟಿನ ತೊಟ್ಟಿಗಳ ಹಾಗೆಯೇ ಕಂಪ್ಯೂಟರಿನ ಒಳಗೊಂದು ಘಟಕ. ಒಂದು ಕಡೆಯಿಂದ ಔಷಧ ಒಳಗೆ ಬರುತ್ತದೆ. ಒಳಗೆ ಬಂದದ್ದು ಎಲ್ಲಿ ಹೋಗುತ್ತದೆ? ನಾಲ್ಕೇ ದಾರಿ. ಗುಳ್ಳೆಗಳ ಜೊತೆ ಗಾಳಿಗೆ. ತೊಟ್ಟಿಯಲ್ಲಿ ಬದುಕಿರುವ, ಕಣ್ಣಿಗೆ ಕಾಣದ ಹುಳುಗಳ ಹೊಟ್ಟೆಗೆ. ರಾಡಿಗೆ ಅಂಟಿಕೊಂಡು ರಾಡಿಗೆ. ಇಲ್ಲವೇ ನೀರಿನ ಜೊತೆ ಹಳ್ಳಕ್ಕೆ. ನಾಲ್ಕನ್ನೂ ಕೂಡಿದರೆ ಒಳಗೆ ಬಂದಷ್ಟೇ ಆಗಬೇಕು. ಪುಸ್ತಕಗಳನ್ನು ತರಿಸಿಕೊಂಡು, ಒಂದೊಂದು ಸೂತ್ರಕ್ಕೆ ವಾರಗಟ್ಟಲೆ ಕೂತು, ಕೊನೆಗೆ ಆಕೆ ಬರೆದಳು: ಬಹುಪಾಲು ಔಷಧವನ್ನು ಹುಳುಗಳೇ ತಿಂದು ಮುಗಿಸುತ್ತವೆ, ರಾಡಿಗೆ ಉಳಿಯುವುದು ಅತ್ಯಲ್ಪ, ಗೊಬ್ಬರ ಕೊಡಬಹುದು. ಕೆಳಗೆ ಸಹಿ. ಆ ಸಹಿಯ ಮೇಲೆ ಮೂರು ಟ್ರೇಲರ್ ಗೊಬ್ಬರ ಕರ್ಜಗಿಯ ಉಚ್ಚಂಗೆವ್ವನ ಹೊಲಕ್ಕೆ ಹೋಗಿ ಎಂಟು ದಿನವಾಗಿತ್ತು.

ಈಗ ಧಾರವಾಡದವರು ಅದೇ ರಾಡಿಯನ್ನು ಪರೀಕ್ಷಿಸಿ, ಆಕೆ ಬರೆದದ್ದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಔಷಧ ಇದೆ ಎಂದು ಬರೆದಿದ್ದರು. ಅಷ್ಟೇ ಆಗಿದ್ದರೆ ಯಾವುದೋ ಸೂತ್ರ ತಪ್ಪಿತು ಅನ್ನಬಹುದಿತ್ತು. ಆದರೆ ಘಟಕಕ್ಕೆ ಬಂದ ಔಷಧವೆಂದು ಆಕೆ ಅಳೆದಿದ್ದ ಮೊತ್ತಕ್ಕಿಂತ ರಾಡಿಯೊಂದರಲ್ಲೇ ಹೆಚ್ಚಿತ್ತು.

"ಧಾರವಾಡದಾವ್ರು ಬಾಟ್ಲಿ ಅದಲಿ ಬದಲಿ ಮಾಡಿರ್ತಾರ ಬಿಡ್ರಿ ಮೇಡಂ," ಅಂದರು ಘಟಕ ನೋಡಿಕೊಳ್ಳುವ ಎಂಜಿನಿಯರ್ ಬೀರಲಿಂಗಪ್ಪ, ಚಹಾದ ಲೋಟ ಬಗ್ಗಿಸಿ ಕೊನೆಯ ಗುಟುಕು ಕುಡಿಯುತ್ತ. "ಹಾಕಿದ್ದಕ್ಕಿಂತ ಹೆಚ್ಚು ಬರಾಕ ಇದೇನು ಅಕ್ಷಯಪಾತ್ರೆಯೇನ್ರಿ?"

"ಹಾಕಿದ್ದು ಎಷ್ಟು ಅಂತ ನಮಗ ಗೊತ್ತಿಲ್ಲೇನೋ ಸರ್."

"ನೀವೇ ಅಳದೀರಲ್ರಿ ಒಂದು ವರ್ಷ."

ಅಳೆದದ್ದು ಆಕೆಯೇ. ಬುಧವಾರ ಧಾರವಾಡಕ್ಕೆ ಹೋಗುವ ಜೀಪಿಗೆ ಬಾಟಲಿಗಳು ತಯಾರಿರಬೇಕೆಂದು ಪ್ರತಿ ಸೋಮವಾರ, ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ಊರಿನ ನೀರು ಒಳಗೆ ಬರುವ ಕಾಲುವೆಯ ಅಂಚಿಗೆ ನಿಂತು ಹಗ್ಗಕ್ಕೆ ಕಟ್ಟಿದ ಬಕೆಟ್ಟನ್ನು ತಾನೇ ಇಳಿಬಿಟ್ಟಿದ್ದಳು. ಒಂದು ವಾರವೂ ತಪ್ಪಿಸಿರಲಿಲ್ಲ.

ಸಂಜೆಯವರೆಗೆ ಸೂತ್ರಗಳನ್ನೆಲ್ಲ ಮೊದಲಿನಿಂದ ನೋಡಿದಳು. ಸೂತ್ರ ನೋಡುವಾಗ ಮಧ್ಯೆ ಮಧ್ಯೆ ಉಚ್ಚಂಗೆವ್ವನ ಮುಖ ಬರುತ್ತಿತ್ತು. ಅರವತ್ತು ದಾಟಿದ ಹೆಂಗಸು, ತಾನೇ ಬಸ್ಸು ಹಿಡಿದು ಘಟಕಕ್ಕೆ ಬಂದು, ಗೊಬ್ಬರವನ್ನು ಮುಷ್ಟಿಯಲ್ಲಿ ಹಿಡಿದು ಮೂಸಿ, "ನಿಮ್ಮ ಹಿತ್ತಲಕ್ಕ ಇದನ್ನ ಹಾಕ್ತೀಯೇನು ತಂಗಿ?" ಎಂದು ಕೇಳಿದ್ದಳು. "ಹಾಕ್ತೇನಿ ಯವ್ವಾ," ಅಂದಿದ್ದಳು ಸಲ್ಮಾ, ತಡವರಿಸದೆ. ಬಾವಿಯ ಮಗ್ಗುಲಿನ ಹತ್ತು ಗುಂಟೆಯಲ್ಲಿ ಮೆಂತೆ, ಕೊತ್ತಂಬರಿ, ರಾಜಗಿರಿ ಬೆಳೆದು ಹಾವೇರಿ ಮಾರುಕಟ್ಟೆಗೆ ಒಯ್ಯುವವಳು ಆಕೆ. ಮುಂಗಾರಿನ ಮಿರಗದ ಮಳೆ ಬಿದ್ದೊಡನೆ ಗೊಬ್ಬರ ಹರವಿ ಬಿತ್ತುತ್ತೇನೆ ಅಂದಿದ್ದಳು. ಮಳೆ ಮೊನ್ನೆಯೇ ಬಿದ್ದಿತ್ತು.

ಫೋನ್ ಮಾಡಬೇಕು ಅನಿಸಿತು. ಮಾಡಿ ಏನು ಹೇಳುವುದು? ನನ್ನ ಲೆಕ್ಕ ತಪ್ಪಿರಬಹುದು, ಇಲ್ಲದಿರಲೂಬಹುದು ಅಂತಲೇ? ಖಾತ್ರಿಯಾದ ಮೇಲೆ ಹೇಳಿದರಾಯಿತು ಎಂದು ಫೋನನ್ನು ಪರ್ಸಿಗೆ ಹಾಕಿದಳು.

ಮರುದಿನ ಗುರುವಾರ ಮಧ್ಯಾಹ್ನ ಲೈನು ರಿಪೇರಿಗೆಂದು ಕರೆಂಟು ತೆಗೆದರು. ಜನರೇಟರು ತೊಟ್ಟಿಗಳ ಗಾಳಿಯಂತ್ರಕ್ಕೆ ಮಾತ್ರ ಸಾಲುತ್ತಿತ್ತು. ಯಂತ್ರಗಳೆಲ್ಲ ಕಣ್ಣು ಮುಚ್ಚಿದ ಪ್ರಯೋಗಾಲಯದಲ್ಲಿ ಕೂತು ಮಾಡುವುದೇನಿಲ್ಲವೆಂದು ಸಲ್ಮಾ ನಾಲ್ಕಕ್ಕೇ ಮನೆಗೆ ಹೊರಟಳು.

ಮನೆ ಎಂದರೆ ಅಣ್ಣನ ಮನೆ. ಹನ್ನೆರಡು ವರ್ಷದ ಹಿಂದೆ ಗಂಡನ ಮನೆಯಿಂದ ಒಂದು ಟ್ರಂಕಿನೊಂದಿಗೆ ಇಲ್ಲಿಗೆ ಬಂದಾಗ ಯಾರೂ ಯಾಕೆಂದು ಕೇಳಲಿಲ್ಲ. ಕೇಳದಿದ್ದದ್ದು ಅತ್ತಿಗೆ ಜೈತೂನಬಿಯ ಗಟ್ಟಿತನದಿಂದ. "ಬಂದಾಳ, ಇರ್ತಾಳ. ಚಹಾ ಕುಡೀರಿ, ಹೋಗ್ರಿ," ಎಂದು ವಿಚಾರಿಸಲು ಬಂದ ನೆಂಟರನ್ನು ಆಕೆ ಒಂದೇ ವಾರದಲ್ಲಿ ಸುಮ್ಮನಾಗಿಸಿದ್ದಳು. ಅಣ್ಣ ದಿಲಾವರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಸಾಗಿಸುವ ಟೆಂಪೋ ಓಡಿಸುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಜೈತೂನಬಿ ಬೀಜದ ಕಂಪನಿಗೆ ಹೋಗುತ್ತಾಳೆ. ಮನೆಗೆ ಬಂದ ಸಲ್ಮಾ ಆಫೀಸಿನ ಮಾತು ಎತ್ತುತ್ತಿರಲಿಲ್ಲ. ಹೊಲಸು ನೀರಿನ ಕೆಲಸ ಎಂದು ಯಾರಾದರೂ ಮೂಗು ಮುರಿದಾರೆಂಬ ಅಂಜಿಕೆಯಿಂದ ಮೊದಮೊದಲು, ಆಮೇಲೆ ರೂಢಿಯಿಂದ. ಆಫೀಸಿನಲ್ಲಿ ಮನೆಯ ಮಾತನ್ನೂ ಎತ್ತುತ್ತಿರಲಿಲ್ಲ. ಎರಡೂ ಕಡೆ ಅರ್ಧರ್ಧ ಆಗಿದ್ದುಕೊಂಡು ಬದುಕುವುದು ಆಕೆಗೆ ಒಂದು ಥರದ ನೆಮ್ಮದಿ ಕೊಟ್ಟಿತ್ತು.

ಬಾಗಿಲು ತೆರೆದೇ ಇತ್ತು. ಬಚ್ಚಲಿನಲ್ಲಿ ಜೈತೂನಬಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಲ್ಲಿಗೆ ಬಟ್ಟೆ ಬಡಿಯುತ್ತಿದ್ದಳು.

"ಏನ ಸಲ್ಮಾ, ಆಫೀಸಿಗೆ ಬೀಗ ಬಿತ್ತೇನು?"

"ಕರೆಂಟ್ ತಗದಾರ ಭಾಭಿ."

"ಹಂಗಾರ ಬಾ, ಈ ಚಾದರಾ ಹಿಂಡೂಣು. ಓದಿದ ಕೈ ಏನೂ ಸವಿಯಾಂಗಿಲ್ಲ."

ಸಲ್ಮಾ ತೋಳು ಮೇಲೇರಿಸಿ ಚಾದರದ ಒಂದು ತುದಿ ಹಿಡಿದಳು. ಇಬ್ಬರೂ ಎದುರುಬದುರು ನಿಂತು ತಿರುಚಿದರು. ಚಾದರದಿಂದ ಇಳಿದ ನೀರು ಬಚ್ಚಲ ಕಲ್ಲಿನ ಮೇಲೆ ಹರಿಯಿತು. ಶರಬತ್ತಿನ ಹಾಗೆ ಗುಲಾಬಿ ಬಣ್ಣ. ಸಲ್ಮಾ ಹಿಡಿದ ತುದಿಯನ್ನು ಬಿಡದೆ ಆ ನೀರು ತೂತಿನೊಳಗೆ ಇಳಿಯುವುದನ್ನು ನೋಡಿದಳು.

ಮೂಲೆಯಲ್ಲಿ ಬೀಜದ ಖಾಲಿ ಚೀಲವೊಂದು ಬಾಯಿ ತೆರೆದು ಬಿದ್ದಿತ್ತು. ಆ ಚೀಲ ಆಕೆಗೆ ಗೊತ್ತಿರದ್ದಲ್ಲ. ಕೆಲಸಕ್ಕೆ ಉಟ್ಟ ಬಟ್ಟೆಯನ್ನು ಜೈತೂನಬಿ ದಿನಾ ಅದರೊಳಗೆ ತುರುಕಿ ಹೊರಗೇ ಇಡುತ್ತಿದ್ದಳು. ಆಕೆಯ ತವರು ಬ್ಯಾಡಗಿ. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಬಟ್ಟೆಯನ್ನು ಅಲ್ಲಿ ಮಕ್ಕಳ ಬಟ್ಟೆಯ ಜೊತೆ ಯಾರೂ ನೆನೆಹಾಕುವುದಿಲ್ಲ, ಹಾಕಿದರೆ ಮಕ್ಕಳು ಮೈ ಉರಿದು ಅತ್ತು ಊರು ಒಂದು ಮಾಡುತ್ತವೆ. ಬೇರೆ ಚೀಲ, ವಾರಕ್ಕೊಂದು ದಿನ ಬೇರೆ ಒಗೆತ. ಇಲ್ಲಿ ಬೀಜದ ಕೆಲಸಕ್ಕೆ ಸೇರಿದಾಗ ಜೈತೂನಬಿ ಅದೇ ರೂಢಿ ಹಿಡಿದಳು. ನೋಡಿ ಓಣಿಯವರೂ ಹಿಡಿದರು. ಕಂಪನಿಗೆ ಗುರುವಾರ ರಜೆ. ಸಾಬರ ಮನೆಗಳಲ್ಲಿ ಜುಮ್ಮಾ ನಮಾಜಿಗೆ, ಉಳಿದವರ ಮನೆಗಳಲ್ಲಿ ಶುಕ್ರವಾರದ ಪೂಜೆಗೆ, ಮನೆ ಮಡಿಯಾಗಬೇಕಾದ ದಿನವೂ ಅದೇ. ಇದೆಲ್ಲ ಸಲ್ಮಾಗೆ ಗೊತ್ತು. ಪ್ರತಿ ಗುರುವಾರ ಏಳಕ್ಕೆ ಮನೆಗೆ ಬಂದಾಗ ಅಂಗಳದ ಹಗ್ಗದ ಮೇಲಿನ ಒದ್ದೆ ಬಟ್ಟೆ ಸರಿಸಿಕೊಂಡೇ ಆಕೆ ಒಳಗೆ ಹೋಗಿದ್ದಾಳೆ.

"ಭಾಭಿ, ಎಷ್ಟು ಮನಿಯಾಗ ಇವತ್ತ ಒಗೀತಾರ?"

"ಎಷ್ಟು ಮನಿ ಅಂದ್ರ? ಕೇಳ್ಸೋವಲ್ದೇನು?"

ಕೇಳಿಸಿತು. ಗೋಡೆಯಾಚೆ ನೆರೆಮನೆಯ ರೋಹಿಣಿಯ ಬಚ್ಚಲಿನಿಂದ, ಹಿಂದಿನ ಓಣಿಯಿಂದ, ಅದರ ಹಿಂದಿನದರಿಂದ, ಕಲ್ಲಿಗೆ ಬಟ್ಟೆ ಬೀಳುವ ಸದ್ದು.

ನೀರು ಘಟಕದಲ್ಲಿ ಒಂದು ದಿನವೂ ನಿಲ್ಲುವುದಿಲ್ಲ. ಗುರುವಾರ ಸಂಜೆ ಬಂದ ನೀರು ಶುಕ್ರವಾರ ಹಳ್ಳ ಸೇರಿರುತ್ತದೆ. ಸೋಮವಾರ ಬಕೆಟ್ಟು ಇಳಿಬಿಟ್ಟವಳಿಗೆ ಅದರ ಸುಳಿವೂ ಸಿಗದು. ಆದರೆ ರಾಡಿ ಅಲ್ಲೇ ಇಪ್ಪತ್ತು ದಿನ ಸುತ್ತುತ್ತಿರುತ್ತದೆ. ಅದಕ್ಕೆ ಒಂದು ಗುರುವಾರವಲ್ಲ, ಮೂರು ಗುರುವಾರ ಅಂಟಿಕೊಂಡಿರುತ್ತವೆ. ಸೂತ್ರಗಳಲ್ಲಿ ತಪ್ಪಿರಲಿಲ್ಲ. ವಾರವೆಲ್ಲ ಒಂದೇ ಸಮ ಅಂದುಕೊಂಡು, ಸೋಮವಾರ, ಮಂಗಳವಾರದ ನೀರನ್ನು ಏಳು ದಿನಕ್ಕೂ ಹಂಚಿಬಿಟ್ಟಿದ್ದಳು.

"ಬಿಡು, ಚಾದರಾ ಹರೀತಿ," ಅಂದಳು ಜೈತೂನಬಿ.

ಚಹಾ ಕುಡಿಯದೆ ಸಲ್ಮಾ ಆಟೋ ಹಿಡಿದು ಘಟಕಕ್ಕೆ ಮರಳಿದಳು. ಐದೂವರೆಯಿಂದ ಎಂಟೂವರೆಯವರೆಗೆ, ಅರ್ಧ ಗಂಟೆಗೊಮ್ಮೆ ಬಕೆಟ್ಟು ಇಳಿಸಿ ಬಾಟಲಿ ತುಂಬಿದಳು. ಕಾಲುವೆಯ ಕಪ್ಪು ನೀರಿನಲ್ಲಿ ಬಣ್ಣ ಕಾಣುತ್ತಿರಲಿಲ್ಲ. ಬೆಳಿಗ್ಗೆ ಸೋಸಿ, ಬಣ್ಣ ಅಳೆಯುವ ಯಂತ್ರಕ್ಕೆ ಇಟ್ಟಾಗ, ಏಳು ಗಂಟೆಯ ಬಾಟಲಿ ಸೋಮವಾರದ ಬಾಟಲಿಗಿಂತ ನೂರಾರು ಪಟ್ಟು ಹೆಚ್ಚು ತೋರಿಸಿತು. ಬಣ್ಣವನ್ನೇ ಔಷಧಕ್ಕೆ ಅಂದಾಜಾಗಿ ಹಿಡಿದು, ಗುರುವಾರವನ್ನು ಸೇರಿಸಿ ಲೆಕ್ಕವನ್ನು ಮತ್ತೆ ಓಡಿಸಿದಳು. ಧಾರವಾಡದ ಅಂಕಿಯ ಹತ್ತಿರ ಹತ್ತಿರಕ್ಕೆ ಬಂದು ನಿಂತಿತು. ಲೆಕ್ಕ ಹೊಂದಿದ್ದಕ್ಕೆ ಆಕೆಗೆ ಹಿಂದೆಂದೂ ಇಷ್ಟು ಬೇಸರವಾಗಿರಲಿಲ್ಲ.

ಆಗ ಫೋನ್ ಮಾಡಿದಳು. ಎತ್ತಿದವನು ಉಚ್ಚಂಗೆವ್ವನ ಮಗ ಗೋಣೆಪ್ಪ.

"ಗೊಬ್ಬರ ಹರವಬ್ಯಾಡ್ರಿ ಅಣ್ಣಾರ. ನಾ ನಾಳೆ ಬಂದು ಹೇಳ್ತೇನಿ."

"ಅವ್ವ ನಿನ್ನೆ ಸಂಜಿನ್ಯಾಗ ಒಂದು ಮೂಲಿ ಹರವ್ಯಾಳಲ್ರಿ. ಯಾಕ್ರಿ?"

ನಿನ್ನೆ ಸಂಜೆ. ಬುಧವಾರವೇ ಫೋನ್ ಮಾಡಿದ್ದರೆ ಆ ಮೂಲೆಯೂ ಉಳಿಯುತ್ತಿತ್ತು. ಖಾತ್ರಿ ಬೇಕಾಗಿದ್ದದ್ದು ಉಚ್ಚಂಗೆವ್ವನಿಗಲ್ಲ, ತನ್ನ ಹೆಸರಿಗೆ. ಇದನ್ನು ಸಲ್ಮಾ ತನಗೆ ತಾನೇ ಹೇಳಿಕೊಂಡಳು, ಯಾರ ಮೇಲೂ ಸಿಟ್ಟಿಲ್ಲದೆ.

ಬೀರಲಿಂಗಪ್ಪ ಎಲ್ಲವನ್ನೂ ಕೇಳಿ, ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. "ಮುಂದಿನ ಗೊಬ್ಬರ ನಿಲ್ಲಸೂಣ್ರಿ, ಖರೇ. ಹೋದದ್ದು ಹೋತು. ಮೂರು ಟ್ರೇಲರ್ ಅಷ್ಟ. ಮಣ್ಣಾಗ ಕಲತು ಹೋಗತೈತಿ."

"ಆಕಿ ಮೆಂತೆ ಬಿತ್ತಾಕಿ ಸರ್. ಮಂದಿ ತಿನ್ನೂದು."

ಅವರು ಕುರ್ಚಿಯನ್ನು ಮತ್ತೆ ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಕೆಟ್ಟ ಮನುಷ್ಯರಲ್ಲ. ಉಚ್ಚಂಗೆವ್ವನನ್ನು ಅವರು ನೋಡಿರಲಿಲ್ಲ, ಅಷ್ಟೇ. "ಬರದು ಕೊಡ್ರಿ. ಮ್ಯಾಲ ಕಳಸ್ತೇನಿ. ಆದ್ರ ಔಷಧ ಎಲ್ಲಿಂದ ಬಂತು ಅಂತನೂ ಬರೀಬೇಕಾಗತೈತಿ. ನಿಮ್ಮ ಓಣಿ ಮಂದಿ ಅಂದ್ರಿ. ಆಮ್ಯಾಲ ನಮಗ ಅನಬ್ಯಾಡ್ರಿ."

ಆ ಸಂಜೆ ಸಲ್ಮಾ ಆಫೀಸಿನ ಕಾಗದವನ್ನು ಮೊದಲ ಸಲ ಮನೆಯ ಅಡುಗೆಮನೆಗೆ ತಂದಳು. ರೊಟ್ಟಿ ಬಡಿಯುತ್ತಿದ್ದ ಜೈತೂನಬಿಯ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದಳು. ಜೈತೂನಬಿಯ ಕೈ ನಿಂತಿತು.

"ಅಂದ್ರ ನಮ್ಮ ಮ್ಯಾಲ ಹಾಕ್ತಿ."

"ಹಂಗಲ್ಲ ಭಾಭಿ."

"ಮತ್ತ ಹೆಂಗ? ಬಟ್ಟಿ ಒಗ್ಯೂದು ತಪ್ಪಾತೇನು? ಮಕ್ಕಳ ಅಂಗಿ ಕೂಡ ಕಲಸಿ ಒಗದಿದ್ರ ಚಲೋ ಆಗತಿತ್ತೇನು? ಓಣಿ ಹೆಣ್ಣುಮಕ್ಕಳಿಗೆ ಹಿಂಗ ಬ್ಯಾರೆ ಇಡ್ರಿ ಅಂತ ಹೇಳಿದಾಕಿ ನಾ. ನಾಳೆ ಕಂಪನಿಯಾವ್ರು ನಿಮ್ಮಿಂದ ರಗಳಿ ಆತು, ಕೆಲಸಕ್ಕ ಬರಬ್ಯಾಡ್ರಿ ಅಂದ್ರ ಅವ್ರು ನನ್ನ ಮಾರಿ ನೋಡ್ತಾರೇನು?"

ರೊಟ್ಟಿ ಹಂಚಿನ ಮೇಲೆ ಸೀದಿತು. ಯಾರೂ ತೆಗೆಯಲಿಲ್ಲ. ಸಲ್ಮಾ ಆಕೆಯ ಕೈಗಳನ್ನು ನೋಡಿದಳು. ಹಿಟ್ಟು ಮೆತ್ತಿದ ಬೆರಳುಗಳ ಉಗುರಿನ ಬುಡದಲ್ಲಿ ತೆಳು ಗುಲಾಬಿ. ವರ್ಷಗಟ್ಟಲೆ ಅದನ್ನು ಗೋರಂಟಿ ಅಂದುಕೊಂಡಿದ್ದಳು. ನೀರಿನ ಲೀಟರಿಗೆ ಎಷ್ಟು, ರಾಡಿಯ ಕಿಲೋಗೆ ಎಷ್ಟು ಎಂದು ಬರೆದವಳು, ಒಂದೇ ತಟ್ಟೆಯಲ್ಲಿ ಉಂಡವಳ ಉಗುರು ನೋಡಿರಲಿಲ್ಲ.

"ಅಲ್ಲಿ ಕೈ ಹೆಂಗ ತೊಳ್ಕೋತೀರಿ ಭಾಭಿ?"

"ಒಂದು ನಳ ಐತಿ, ನಲವತ್ತು ಮಂದಿ ಅದೇವಿ. ನೀರು ಬಂದ ದಿನ ಬರತಾವು." ಜೈತೂನಬಿ ಸೀದ ರೊಟ್ಟಿಯನ್ನು ಚಿಮಟದಿಂದ ಎತ್ತಿ ಪಕ್ಕಕ್ಕೆ ಹಾಕಿದಳು. "ಬಟ್ಟಿ ಕಂಪನಿಯಾವ್ರ ಕೊಟ್ಟು ಅವ್ರ ಒಗಸಿದ್ರ ನಾವ್ಯಾಕ ಮನಿಗೆ ತರ್ತೇವಿ? ಯಾರಿಗೆ ಹೌಸಿ ಐತಿ?"

ಸಲ್ಮಾ ಕಾಗದ ಬಿಡಿಸಿ, ಪೆನ್ನು ತೆಗೆದಳು. "ಇದನ್ನ ಬರೀತೇನಿ. ನಳಾದ್ದೂ, ಬಟ್ಟೀದ್ದೂ. ಒಂದು ಓಣಿ ಹೆಸರೂ ಬರ್ಯಾಂಗಿಲ್ಲ. ಔಷಧ ಬಳಿಯೋ ಜಾಗಾದಾಗ ಬಟ್ಟಿ ಒಗಸಬೇಕು, ಆ ನೀರು ಅಲ್ಲೇ ಬ್ಯಾರೆ ಮಾಡಬೇಕು, ಅಷ್ಟ ಬರೀತೇನಿ."

"ಬರದ್ರ ಕೇಳ್ತಾರೇನು?"

"ಗೊತ್ತಿಲ್ಲ."

ಜೈತೂನಬಿ ಮತ್ತೊಂದು ಹಿಟ್ಟಿನುಂಡೆ ಹಿಡಿದಳು. ಮರುದಿನ ಬೆಳಿಗ್ಗೆ ಸಲ್ಮಾ ಕರ್ಜಗಿಗೆ ಹೊರಟಾಗ, ರೊಟ್ಟಿ ಪಲ್ಯ ಕಟ್ಟಿ ಚೀಲಕ್ಕೆ ಇಟ್ಟು, "ಆಕಿ ಬೈದ್ರ ಬೈಸ್ಕೋ. ತಿರುಗಿ ಮಾತಾಡಬ್ಯಾಡ," ಅಂದಳು.

ಹಾವೇರಿಯಲ್ಲಿ ಬಸ್ಸು ಬದಲಿಸಿ ಕರ್ಜಗಿಯಲ್ಲಿ ಇಳಿಯುವಾಗ ಹನ್ನೊಂದು. ಉಚ್ಚಂಗೆವ್ವ ಹೊಲದಲ್ಲೇ ಇದ್ದಳು. ಬದುವಿನ ಮೇಲೆ ಗೊಬ್ಬರದ ಗುಡ್ಡೆ ಹಾಗೇ ಇತ್ತು. ಬಾವಿಯ ಕಡೆಯ ಮೂಲೆಯಲ್ಲಿ ಮಾತ್ರ, ಎರಡು ಮಂಚ ಹಾಸುವಷ್ಟು ಜಾಗದಲ್ಲಿ, ಕೆಂಪು ಮಣ್ಣಿನ ಮೇಲೆ ಕಪ್ಪಗೆ ಹರಡಿತ್ತು. ಮಳೆ ಅದನ್ನು ಇನ್ನೂ ಒಳಗೆ ಇಳಿಸಿರಲಿಲ್ಲ.

ಸಲ್ಮಾ ಬದುವಿನ ಮೇಲೆ ಕೂತು ಹೇಳಿದಳು. ಸಹಿ ತನ್ನದು, ತಪ್ಪು ತನ್ನದು, ಬುಧವಾರವೇ ಅನುಮಾನ ಬಂದಿತ್ತು, ಫೋನ್ ಮಾಡಲಿಲ್ಲ. ಏನನ್ನೂ ಬಿಡಲಿಲ್ಲ.

ಉಚ್ಚಂಗೆವ್ವ ಕಳೆ ತೆಗೆಯುವ ಕುರ್ಚಿಗೆಯನ್ನು ಮಣ್ಣಿಗೆ ಚುಚ್ಚಿ ನಿಲ್ಲಿಸಿದಳು. "ಅಳತಿ ಹೆಂಗ ತಪ್ಪಿತು?"

"ಗುರುವಾರದ ನೀರು ಅಳೀಲಿಲ್ಲ ಯವ್ವಾ. ಬೀಜದ ಕೆಲಸದ ಹೆಣ್ಣುಮಕ್ಕಳು ಆ ದಿನ ಬಟ್ಟಿ ಒಗೀತಾರ."

"ಅದು ನಿನಗ ಗೊತ್ತಿದ್ದಿಲ್ಲೇನು? ನೀ ಯಾವ ಊರಾಕಿ?"

"ಗೊತ್ತಿತ್ತು."

"ಗೊತ್ತಿದ್ದೂ?"

"ಗೊತ್ತಿದ್ದೂ."

ಮುದುಕಿ ಆಕೆಯ ಪಕ್ಕ ಬದುವಿಗೆ ಕೂತಳು. ಆಮೇಲೆ ಮೂಗಿನಲ್ಲಿ ಸಣ್ಣಗೆ ನಕ್ಕಳು. "ನಮ್ಮ ಸೊಸಿ ಸಾರಿಗೆ ಉಪ್ಪು ಹೆಚ್ಚಾದ್ರ ಒಪ್ಪಾಂಗಿಲ್ಲ, ಉಪ್ಪಿನದ ತಪ್ಪು ಅಂತಾಳ. ನೀ ಎರಡು ಬಸ್ಸು ಬದಲಿಸಿ ಬಂದಿ." ನಗು ಅಲ್ಲಿಗೇ ನಿಂತಿತು. "ನನಗ ಸಿಟ್ಟು ಬಂದೈತಿ, ಇಲ್ಲ ಅನ್ನಾಂಗಿಲ್ಲ. ಹಸಿ ಆರಿದ್ರ ಬಿತ್ತಿಗಿ ಹೋತು. ಏಳು, ಅಲ್ಲಿ ಸಲಿಕಿ ಐತಿ, ತಗೋ."

ಸಲ್ಮಾ ದುಪಟ್ಟವನ್ನು ತಲೆಗೆ ಬಿಗಿದು ಕಟ್ಟಿ, ಚಪ್ಪಲಿ ಬಿಟ್ಟು ಮಡಿಗೆ ಇಳಿದಳು. ಇಬ್ಬರೂ ಕಪ್ಪನ್ನು ಕೆರೆದು ಕೆರೆದು ಬುಟ್ಟಿಗೆ ತುಂಬಿದರು. ಕೆಳಗಿನ ಎರಡು ಬೆರಳು ಮಣ್ಣನ್ನೂ ಬಿಡಲಿಲ್ಲ. ಬುಟ್ಟಿಗಳನ್ನು ಬದುವಿನ ಗುಡ್ಡೆಗೆ ಸುರಿದರು. ಸೋಮವಾರ ಟ್ರೇಲರ್ ಬಂದು ಎಲ್ಲವನ್ನೂ ವಾಪಸ್ ಒಯ್ಯುವುದೆಂದು ಬೀರಲಿಂಗಪ್ಪ ಒಪ್ಪಿದ್ದರು. ಬೆನ್ನು ಹಿಡಿದಾಗ ಬಾವಿಯ ಕಟ್ಟೆಗೆ ಕೂತು ಜೈತೂನಬಿಯ ರೊಟ್ಟಿಯನ್ನು ಇಬ್ಬರೂ ತಿಂದರು. ಪಲ್ಯಕ್ಕೆ ಖಾರ ಕಡಿಮೆ ಅಂದಳು ಉಚ್ಚಂಗೆವ್ವ. ಬ್ಯಾಡಗಿ ಕಾಯಿ, ಬಣ್ಣ ಜಾಸ್ತಿ, ಖಾರ ಅಷ್ಟಕ್ಕಷ್ಟೇ, ಅಂದಳು ಸಲ್ಮಾ.

"ಈ ಮೂಲಿಯಾಗ ಏನ್ ಹಾಕಲಿ?"

"ಈ ವರ್ಷ ತಿನ್ನೂದು ಏನೂ ಬ್ಯಾಡ. ಚೆಂಡು ಹೂ ಹಾಕ್ರಿ. ಉಳಿದದ್ದರಾಗ ಮೆಂತೆ ಬಿತ್ರಿ, ಅಲ್ಲಿ ಏನೂ ಆಗಿಲ್ಲ."

"ಮುಂದಿನ ವರ್ಷ?"

ಪುಸ್ತಕದ ಪ್ರಕಾರ ಮಣ್ಣಿನಲ್ಲಿ ಆ ಔಷಧ ಅರ್ಧಕ್ಕೆ ಇಳಿಯಲು ಇಷ್ಟು ದಿನ ಎಂಬ ಅಂಕಿ ಸಲ್ಮಾಳ ನಾಲಿಗೆಯ ತುದಿಗೆ ಬಂತು. ಅದು ಯಾವುದೋ ದೇಶದ ಮಣ್ಣಿನದು.

"ಅದು ನನಗ ಗೊತ್ತಿಲ್ಲ ಯವ್ವಾ. ಮಣ್ಣು ತಗೊಂಡು ಹೋಗಿ ಅಳದು ನೋಡಬೇಕು. ನಡುನಡುವ ಬರ್ತೇನಿ."

"ಯಾವ ದಿನ ಬರ್ತಿ?"

ಸೋಮವಾರ ಎನ್ನಲು ಹೋದ ಸಲ್ಮಾ ಆ ಮಾತನ್ನು ಅಲ್ಲಿಗೇ ಬಿಟ್ಟಳು. "ನೀವು ನೀರು ಯಾವಾಗ ಬಿಡ್ತೀರಿ?" ಎಂದು ಕೇಳಿದಳು.

ಉಚ್ಚಂಗೆವ್ವ ಕೈ ಒರೆಸಿಕೊಂಡು, ಬೆರಳು ಮಡಿಸುತ್ತ ಶುರು ಮಾಡಿದಳು. ಯಾವ ಮಡಿಗೆ ಯಾವ ದಿನ ನೀರು, ತ್ರೀ ಫೇಸ್ ಕರೆಂಟು ಎಷ್ಟೊತ್ತಿಗೆ, ಅಮಾಸಿಗೆ ಹೊಲಕ್ಕೆ ಯಾಕೆ ಇಳಿಯುವುದಿಲ್ಲ, ಹಾವೇರಿಗೆ ಸೊಪ್ಪು ಒಯ್ಯುವ ಹಿಂದಿನ ಸಂಜೆ ಬುಡಕ್ಕೆ ಏನು ಹಾಕುತ್ತಾಳೆ. ಸಲ್ಮಾ ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆಯತೊಡಗಿದಳು. ಎರಡು ಗಂಟೆಯ ಬಸ್ಸು ರಸ್ತೆಯಲ್ಲಿ ಹಾರ್ನು ಹಾಕಿ ಹೋಯಿತು. ಇಬ್ಬರೂ ತಲೆ ಎತ್ತಲಿಲ್ಲ.